ಶೆಡ್ಡಿನ ಸಭೆ, ಊರಿನ ಸಭೆ

ನಮ್ಮ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಮೆಥೋಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಚರ್ಚುಗಳಲ್ಲಿ ರವಿವಾರದ ಆರಾಧನೆ ಹೇಗಿರುತ್ತದೆ ಅಂತ ಅಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಮುಂದೆ ಒಂದು ಕಟ್ಟೆ. ಅದರ ಮೇಲೆ ಪಾಸ್ಟರು. ಪಕ್ಕದಲ್ಲಿ ಕೀಬೋರ್ಡು, ದೊಡ್ಡ ಸೌಂಡ್ ಬಾಕ್ಸು. ಕೆಳಗೆ ಒಂದು ಕಡೆ ಹೆಣ್ಣುಮಕ್ಕಳು, ಇನ್ನೊಂದು ಕಡೆ ಗಂಡಸರು. ಹಾಡು, ಪ್ರಾರ್ಥನೆ, ವಾಕ್ಯ, ಪ್ರಸಂಗ, ಕಾಣಿಕೆ, ಪ್ರಕಟಣೆ, ಆಶೀರ್ವಾದ. ಎರಡು ತಾಸು ಆಗುತ್ತದೆ. ಹಾಡು ಬಿಟ್ಟರೆ ಕೆಳಗೆ ಕೂತವರ ಬಾಯಿಂದ ಬರುವುದು ಆಮೆನ್, ಹಲ್ಲೆಲೂಯ ಅಷ್ಟೇ. ಮುಗಿದ ಮೇಲೆ ಒಬ್ಬರಿಗೊಬ್ಬರು ವಂದನೆ ಹೇಳಿ ಮನೆಗೆ ಹೋಗುತ್ತಾರೆ. ಯಾರ ಮನೆಯಲ್ಲಿ ಒಲೆ ಹತ್ತಲಿಲ್ಲ, ಯಾರ ಮಗ ಕೆಲಸ ಬಿಟ್ಟು ಬಂದಿದ್ದಾನೆ, ಯಾರು ಆಸ್ಪತ್ರೆಯಲ್ಲಿದ್ದಾರೆ ಅನ್ನೋದು ಗೊತ್ತಾಗಬೇಕಾದರೆ ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಬೇಕು.

ನಾನು ಈ ಚರ್ಚಿನ ಮಗ. ದೀಕ್ಷಾಸ್ನಾನ, ಸಂಡೇ ಸ್ಕೂಲು, ಮದುವೆ ಎಲ್ಲ ಅಲ್ಲೇ ಆಯಿತು. ಅದನ್ನು ಬಿಟ್ಟು ಹೋಗುವ ಮನಸ್ಸು ನನಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಸಭೆಗಳನ್ನು ನಡೆಸುವ ರೀತಿಯನ್ನು ಬುಡದಿಂದ ಯೋಚಿಸಬೇಕಾಗಿದೆ. ಹೊಸ ಬಣ್ಣ, ಎಲ್‌ಇಡಿ ಪರದೆ, ಇನ್ನೂ ದೊಡ್ಡ ಸೌಂಡ್ ಬಾಕ್ಸು ಇವುಗಳಿಂದ ಆಗುವ ಕೆಲಸ ಇದಲ್ಲ. ಯಾರು ಮಾತಾಡಬೇಕು, ಯಾರು ಯಾರನ್ನು ವಿಚಾರಿಸಬೇಕು, ದುಡ್ಡು ಯಾರು ಎಣಿಸಬೇಕು ಅನ್ನೋದನ್ನ ಮತ್ತೆ ಕೂತು ತೀರ್ಮಾನಿಸಬೇಕು.

ನಮ್ಮ ಊರು ಹುಮನಾಬಾದ್ ತಾಲೂಕಿನದು. ಒಳ್ಳೆ ಮಳೆ ಬಂದ ವರ್ಷವೂ ನಮ್ಮ ಓಣಿಯ ಅರ್ಧ ಜನ ದುಡಿಯಲು ಹೊರಗೆ ಹೋಗುತ್ತಾರೆ. ಹೈದರಾಬಾದ್, ಪುಣೆ, ಮುಂಬೈ, ಈಚೆಗೆ ಬೆಂಗಳೂರು ಜಾಸ್ತಿ. ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ದೊಡ್ಡ ಅಪಾರ್ಟ್‌ಮೆಂಟುಗಳ ಪಕ್ಕ ತಗಡಿನ ಶೆಡ್ಡುಗಳ ಸಾಲು ಇರುತ್ತದಲ್ಲ, ಅಂಥ ಒಂದು ಸಾಲಿನಲ್ಲಿ ನನ್ನ ಚಿಗವ್ವ ಇರುತ್ತಾಳೆ. ಕೆಲಸಕ್ಕೆಂದು ಆ ಕಡೆ ಹೋದಾಗ ರವಿವಾರ ಸಂಜೆ ಅವಳನ್ನು ನೋಡಲು ಹೋದೆ. ಶೆಡ್ಡಿನೊಳಗೆ ಪ್ರಾರ್ಥನೆ ನಡೆದಿತ್ತು. ನಮ್ಮ ತಾಲೂಕಿನವರು, ಭಾಲ್ಕಿ ಕಡೆಯವರು, ಸೇಡಂ ಕಡೆಯವರು, ಒಂದಿಬ್ಬರು ತೆಲುಗಿನವರು. ಪಾಸ್ಟರು ಇಲ್ಲ. ನಡೆಸುತ್ತಿದ್ದವಳು ಚಿಗವ್ವನೇ.

ಅವಳಿಗೆ ಓದಲು ಬರುವುದಿಲ್ಲ. ಶಾಲೆ ಅರ್ಧಕ್ಕೆ ಬಿಟ್ಟ ಹುಡುಗನೊಬ್ಬ ಮೊಬೈಲ್‌ನಲ್ಲಿ ಬೈಬಲ್ ತೆರೆದು ಓದಿದ. ಆ ದಿನದ ಭಾಗ ಮತ್ತಾಯನ ಸುವಾರ್ತೆ 20ನೇ ಅಧ್ಯಾಯ. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆಯೂ ಕೂಲಿಗೆ ಕರೆಯುತ್ತಾನೆ, ಮಧ್ಯಾಹ್ನವೂ ಕರೆಯುತ್ತಾನೆ, ಹೊತ್ತು ಮುಳುಗುವ ಮುಂಚೆಯೂ ಕರೆಯುತ್ತಾನೆ. ಕೊನೆಗೆ ಎಲ್ಲರಿಗೂ ಒಂದೇ ಕೂಲಿ. ಓದಿ ಮುಗಿಸಿದ ಮೇಲೆ ಚಿಗವ್ವ ಕೇಳಿದಳು, "ಇದರಾಗ ನಿಮಗೇನ್ ತಿಳೀತು ಹೇಳ್ರಿ." ಒಬ್ಬೊಬ್ಬರೇ ಹೇಳಿದರು. ಸೆಂಟ್ರಿಂಗ್ ಕೆಲಸದ ಒಬ್ಬ ಹೇಳಿದ, "ಸಂಜಿಗಿ ಬಂದಾವ ಸೋಮಾರಿ ಅಲ್ರಿ. ಅವನ್ನ ಯಾರೂ ಕರದಿದ್ದಿಲ್ಲ. ಮುಂಜಾನಿಂದ ನಿಂತೇ ಇದ್ದ." ಅವನು ಸ್ವತಃ ಕೂಲಿ ಅಡ್ಡಾದಲ್ಲಿ ನಿಂತು ನಿಂತು ಮಧ್ಯಾಹ್ನ ಬರಿಗೈಲಿ ವಾಪಸು ಬಂದವನು. ಪಠ್ಯದಲ್ಲೂ ಹಾಗೇ ಇದೆ: ಯಾಕೆ ಸುಮ್ನೆ ನಿಂತಿದ್ದೀರಿ ಅಂದರೆ, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ ಅವರು. ಈ ಸಾಮ್ಯದ ಮೇಲೆ ಚಿಕ್ಕಂದಿನಿಂದ ಎಷ್ಟೋ ಪ್ರಸಂಗ ಕೇಳಿದ್ದೇನೆ. ಆ ಒಂದು ಸಾಲಿನ ಮೇಲೆ ಯಾರೂ ನಿಂತು ಮಾತಾಡಿದ್ದು ನೆನಪಿಲ್ಲ. ಅದನ್ನು ಹಿಡಿಯಲು ಅಡ್ಡಾದಲ್ಲಿ ನಿಂತ ಕಾಲು ಬೇಕಿತ್ತು.

ಆಮೇಲೆ ಕಷ್ಟಸುಖ. ಒಬ್ಬನ ಪಗಾರವನ್ನು ಮೇಸ್ತ್ರಿ ಹಿಡಿದಿಟ್ಟಿದ್ದ. ಮರುದಿನ ಮುಂಜಾನೆ ಅವನ ಜೊತೆ ಹೋಗಿ ಕೇಳುವುದಾಗಿ ಇಬ್ಬರು ಒಪ್ಪಿದರು. ಒಂದು ಮಗುವಿಗೆ ಜ್ವರ ಬಿಟ್ಟಿರಲಿಲ್ಲ. ಅಲ್ಲೇ ಒಂದು ಸ್ಟೀಲ್ ತಟ್ಟೆ ಸುತ್ತಿತು, ಎಲ್ಲರ ಎದುರಿಗೇ ಎಣಿಸಿದರು, ತಾಯಿಯ ಕೈಗೆ ಕೊಟ್ಟರು. ಕಡೆಗೆ ಪ್ರಾರ್ಥನೆ, ಚಹಾ.

ಅದೇ ಚಿಗವ್ವ ಕ್ರಿಸ್ಮಸ್‌ಗೆ ಊರಿಗೆ ಬಂದಾಗ ಚರ್ಚಿನ ಬಾಗಿಲ ಹತ್ತಿರ, ಕಡೆಯ ಸಾಲಿನಲ್ಲಿ ಕೂರುತ್ತಾಳೆ. ಆಮೆನ್ ಅನ್ನುತ್ತಾಳೆ. ನೀ ಯಾಕ ಇಲ್ಲಿ ಒಂದು ಮಾತೂ ಆಡಲ್ಲ ಅಂತ ಕೇಳಿದೆ. "ಇಲ್ಲಿ ನನಗ್ಯಾರ್ ಕೇಳ್ತಾರ ತಮ್ಮಾ" ಅಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ. ಅದು ಹಾಗೇ ಇರಬೇಕು ಅಂತ ಅವಳು ಒಪ್ಪಿಕೊಂಡುಬಿಟ್ಟಿದ್ದಾಳೆ. ನನ್ನನ್ನು ಕಾಡುವುದು ಅದೇ. ಅವಳಲ್ಲಿ ಇರುವ ವರ ಊರಿನ ಸಭೆಗೆ ಬೇಡವಾಗಿದೆ. ಇಂಥವರು ಪ್ರತಿ ಊರಲ್ಲೂ ಇದ್ದಾರೆ.

ಇದೆಲ್ಲ ಹೊಸ ಮಾತೇನೂ ಅಲ್ಲ. ಪೌಲ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 14ನೇ ಅಧ್ಯಾಯ ತೆರೆದು ನೋಡಿ. ಅಲ್ಲಿ ಜನ ಸೇರಿದಾಗ ಒಬ್ಬರು ಹಾಡು ತರುತ್ತಾರೆ, ಒಬ್ಬರು ಬೋಧನೆ ತರುತ್ತಾರೆ, ಇನ್ನೊಬ್ಬರು ದೇವರು ತೋರಿಸಿದ್ದನ್ನು ಹೇಳುತ್ತಾರೆ. ಗದ್ದಲ ಆಗಬಾರದು, ಒಬ್ಬರಾದ ಮೇಲೆ ಒಬ್ಬರು ಮಾತಾಡಿ ಅಂತ ಪೌಲ ಬುದ್ಧಿ ಹೇಳಬೇಕಾಗಿ ಬಂತು. ನಮ್ಮ ಸಭೆಗಳಿಗೆ ಇವತ್ತು ಯಾರಾದರೂ ಪತ್ರ ಬರೆದರೆ ಆ ಬುದ್ಧಿಮಾತು ಬೇಕಾಗುವುದೇ ಇಲ್ಲ, ಅಲ್ವಾ? ಅವರು ಸೇರುತ್ತಿದ್ದದ್ದು ಮನೆಗಳಲ್ಲಿ. ಗುಡಾರ ಹೊಲಿಯುವ ಪ್ರಿಸ್ಕಿಲ್ಲ, ಅಕ್ವಿಲ ದಂಪತಿಯ ಮನೆಯಲ್ಲಿ ಒಂದು ಸಭೆ. ನುಂಫ ಎಂಬ ಹೆಂಗಸಿನ ಮನೆಯಲ್ಲಿ ಇನ್ನೊಂದು. ಕೆಂಖ್ರೆಯ ಸಭೆಯಲ್ಲಿ ಸೇವೆ ಮಾಡುತ್ತಿದ್ದ ಫೊಯಿಬೆಯನ್ನು ಪೌಲ ರೋಮಾಪುರದವರಿಗೆ ಹೆಸರು ಹೇಳಿ ಪರಿಚಯಿಸುತ್ತಾನೆ.

ಅದೇ ಪತ್ರದ 11ನೇ ಅಧ್ಯಾಯ ಇನ್ನೂ ಚುಚ್ಚುತ್ತದೆ. ಕೊರಿಂಥದವರು ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಊಟಕ್ಕೆ, ಸೇರಿದಾಗ ಉಳ್ಳವರು ಮೊದಲೇ ತಿಂದು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಇದು ಕರ್ತನ ಭೋಜನವೇ ಅಲ್ಲ ಅಂತ ಪೌಲ ಸಿಟ್ಟಾಗುತ್ತಾನೆ. ಒಬ್ಬರಿಗೊಬ್ಬರು ಕಾಯಿರಿ ಅನ್ನುತ್ತಾನೆ. ನಾವು ಕಾಯುತ್ತೇವಾ? ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಇರುವಾಗ ಕೂಲಿ ಹೆಣ್ಣುಮಕ್ಕಳು ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾರೆ. ಕೂಲಿ ಸಿಗುವ ದಿನ ರವಿವಾರವೋ ಸೋಮವಾರವೋ ನೋಡಲು ಆಗುವುದಿಲ್ಲ. ನಮ್ಮ ಆರಾಧನೆ ಮಾತ್ರ ಮುಂಜಾನೆ ಅದೇ ಹೊತ್ತಿಗೆ ಶುರುವಾಗುತ್ತದೆ, ಕರ್ತನ ಭೋಜನ ಅದೇ ಹೊತ್ತಿಗೆ ಮುಗಿಯುತ್ತದೆ. ಆ ತಿಂಗಳುಗಳಲ್ಲಿ ಅದು ಪಗಾರ ಇರುವವರ, ಪಿಂಚಣಿ ಬರುವವರ ಭೋಜನ. ಆರಾಧನೆಯನ್ನು ಸಂಜೆಗೆ ಇಟ್ಟುಕೊಳ್ಳಬಾರದು ಅಂತ ಎಲ್ಲೂ ಬರೆದಿಲ್ಲ.

ಮನೆಯಿಂದ ಕಟ್ಟಡಕ್ಕೆ ಹೋದದ್ದು ಒಂದೇ ದಿನದಲ್ಲಿ ಆಗಲಿಲ್ಲ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಂಡೆಯ ದುರಾ ಯೂರೋಪೋಸ್ ಎಂಬ ಹಾಳೂರಿನಲ್ಲಿ 1930ರ ದಶಕದ ಹೊತ್ತಿಗೆ ಅಗೆದಾಗ ಒಂದು ಮನೆ ಸಿಕ್ಕಿತು. 3ನೇ ಶತಮಾನದ ಕ್ರೈಸ್ತರು ಅದನ್ನು ಪ್ರಾರ್ಥನೆಗೆ ಬಳಸುತ್ತಿದ್ದರು. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಕೂಟಕ್ಕೆ ಜಾಗ ಮಾಡಿಕೊಂಡಿದ್ದರು. ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ. ನಮ್ಮ ಕಡೆಯ ಒಂದು ಸಾಧಾರಣ ಮನೆ ಬದಲಾಯಿಸಿದರೂ ಹಾಗೇ ಕಾಣುತ್ತದೆ. 313ರಲ್ಲಿ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತರಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು. ಆಮೇಲೆ ಚಕ್ರವರ್ತಿಯೇ ದುಡ್ಡು ಕೊಟ್ಟು ದೊಡ್ಡ ಚರ್ಚುಗಳನ್ನು ಕಟ್ಟಿಸಿದ. ಅವುಗಳಿಗೆ ಮಾದರಿಯಾಗಿದ್ದು ಸರ್ಕಾರಿ ದರ್ಬಾರು ನಡೆಯುವ ಉದ್ದನೆಯ ಹಾಲುಗಳು. ಆ ಹಾಲುಗಳಲ್ಲಿ ಒಂದು ತುದಿಯಲ್ಲಿ ಅಧಿಕಾರಿ ಕೂರುತ್ತಿದ್ದ, ಉಳಿದವರು ಅವನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನಾವು ಇವತ್ತಿಗೂ ಕೂರುವುದು ಆ ದರ್ಬಾರಿನ ರೀತಿಯಲ್ಲೇ.

ಕಟ್ಟಡ ಕೆಡವಿ ಅಂತ ನಾನು ಹೇಳುತ್ತಿಲ್ಲ. ನಮ್ಮವರಿಗೆ ಆ ಕಟ್ಟಡ ಏನು ಅನ್ನೋದು ನನಗೆ ಗೊತ್ತು. 19ನೇ ಶತಮಾನದ ಕೊನೆಗೆ, ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದಾಗ, ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಇಲ್ಲಿಗೆ ಬಂದರು. ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ದಲಿತ ಓಣಿಗಳವರು. ಊರ ಬಾವಿಯ ಹತ್ತಿರ ಬಿಡದ ಕಾಲ, ಗುಡಿಯ ಮೆಟ್ಟಿಲು ತುಳಿಯಲು ಬಿಡದ ಕಾಲ. ಮುಂಬಾಗಿಲಿಂದ ಒಳಗೆ ಹೋಗಿ, ನೆಟ್ಟಗೆ ಕೂತು, ಹಾಡಲು ಸಿಕ್ಕ ಮೊದಲ ಜಾಗ ಅದು. ಚರ್ಚಿನ ಬೆಂಚು ಒರೆಸುವಾಗ ನಮ್ಮಜ್ಜಿಯ ಕೈ ಹೇಗೆ ಓಡುತ್ತಿತ್ತು ಅಂತ ನೋಡಿದವನು ನಾನು. ಅದಕ್ಕೇ ಕೇಳುತ್ತೇನೆ: ಅಷ್ಟು ಕಷ್ಟಪಟ್ಟು ಒಳಗೆ ಬಂದವರ ಮೊಮ್ಮಕ್ಕಳು ಒಳಗೇ ಹಿಂದಿನ ಸಾಲಿಗೆ ಸರಿಯುವುದು ಸರಿಯಾ? ಮುಂದಿನ ಕುರ್ಚಿಗಳು ಗುತ್ತಿಗೆದಾರರಿಗೆ, ನೌಕರದಾರರಿಗೆ. ಮದುವೆ ಮಾತು ಬಂದರೆ ಎಡಗೈ, ಬಲಗೈ ಅಂತ ಮತ್ತೆ ಲೆಕ್ಕ. ಒಂದೇ ರೊಟ್ಟಿ ಮುರಿದು ತಿಂದವರು ನಾವು.

ನಮ್ಮ ಮೆಥೋಡಿಸ್ಟ್ ಮನೆತನದಲ್ಲೇ ಇದಕ್ಕೆ ಮದ್ದು ಇದೆ. ಅದು ನಮಗೆ ಮರೆತುಹೋಗಿದೆ. ಮೆಥೋಡಿಸ್ಟ್ ಚಳವಳಿಯ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ಬಯಲಲ್ಲಿ ನಿಂತು ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬೋಧಿಸಲು ಶುರು ಮಾಡಿದರು. ಅದೇ ವರ್ಷ ಅಲ್ಲಿ ಒಂದು ಕೂಟದ ಮನೆ ಕಟ್ಟಲು ಕೈ ಹಾಕಿದರು. ಸಾಲ ಆಯಿತು. 1742ರ ಫೆಬ್ರವರಿಯಲ್ಲಿ ಸಾಲ ತೀರಿಸುವ ಬಗ್ಗೆ ಮಾತಾಡಲು ಜನ ಸೇರಿದರು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಅಂತ ಕ್ಯಾಪ್ಟನ್ ಫಾಯ್ ಅನ್ನುವವರು ಹೇಳಿದರು. ತುಂಬ ಜನ ಬಡವರು, ಅವರಿಂದ ಆಗಲ್ಲ ಅಂದರು ಇನ್ನೊಬ್ಬರು. ಹಾಗಾದರೆ ತೀರಾ ಬಡವರಾದ 11 ಮಂದಿಯನ್ನು ನನ್ನ ಲೆಕ್ಕಕ್ಕೆ ಬರೆಯಿರಿ ಅಂದರು ಫಾಯ್. ವಾರವಾರ ಅವರ ಹತ್ತಿರ ನಾನೇ ಹೋಗುತ್ತೇನೆ, ಅವರು ಕೊಟ್ಟರೆ ಸರಿ, ಕೊಡಲು ಆಗದಿದ್ದರೆ ಅವರದೂ ನಾನೇ ಹಾಕುತ್ತೇನೆ. ಉಳಿದವರೂ ಹಾಗೇ ಜನರನ್ನು ಹಂಚಿಕೊಂಡರು.

ಹೀಗೆ ಪೆನ್ನಿಗೆಂದು ಮನೆಮನೆಗೆ ಹೋದವರಿಗೆ ಪೆನ್ನಿಗಿಂತ ದೊಡ್ಡದು ಕಂಡಿತು. ಯಾರ ಮನೆಯಲ್ಲಿ ಕುಡಿತ ಇದೆ, ಯಾರ ಮನೆಯಲ್ಲಿ ಜಗಳ ಇದೆ ಅನ್ನೋದು ತಿಳಿಯಿತು. ನನಗೆ ಬೇಕಾಗಿದ್ದು ಇದೇ ಅಂತ ವೆಸ್ಲಿಗೆ ಹೊಳೆಯಿತು. ಆಮೇಲೆ ಆ ಹನ್ನೆರಡು ಹನ್ನೆರಡು ಜನ ವಾರಕ್ಕೊಮ್ಮೆ ಒಂದೇ ಕಡೆ ಕೂರಲು ಶುರು ಮಾಡಿದರು. ಅದೇ ಕ್ಲಾಸ್ ಮೀಟಿಂಗು. ಈ ವಾರ ನಿನ್ನ ಆತ್ಮ ಹೇಗಿದೆ ಅಂತ ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ನಡೆಸುವವರು ಪಾಸ್ಟರುಗಳಾಗಿರಲಿಲ್ಲ. ಅಂಗಡಿಯವರು, ಕೈಕೆಲಸದವರು, ಹೆಂಗಸರು. ಮೆಥೋಡಿಸ್ಟ್ ಚಳವಳಿ ಹಬ್ಬಿದ್ದು ಇದರ ಬಲದಿಂದ. ನಮ್ಮ ಕಡೆಯೂ ಮಿಷನ್ ಕಾಲದಲ್ಲಿ ಬೈಬಲ್ ವುಮೆನ್ ಅಂತ ಇದ್ದರು. ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದರು, ಓದಲು ಕಲಿಸುತ್ತಿದ್ದರು, ಬಾಣಂತಿಯರನ್ನು ನೋಡಿಕೊಳ್ಳುತ್ತಿದ್ದರು. ಶೆಡ್ಡಿನಲ್ಲಿ ಚಿಗವ್ವ ಮಾಡುತ್ತಿರುವುದು ಅದೇ ಕೆಲಸ.

ಇದಕ್ಕೆ ಅಮೆರಿಕದ ಅಪ್ಪಣೆಯೂ ಬೇಕಿಲ್ಲ. 1947ರಲ್ಲಿ ದಕ್ಷಿಣ ಭಾರತದ ಹಲವು ಸಭೆಗಳು ಕೂಡಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆದಾಗ ನಮ್ಮವರು ಅದಕ್ಕೆ ಸೇರಲಿಲ್ಲ. 1981ರಲ್ಲಿ ಭಾರತದ ಮೆಥೋಡಿಸ್ಟ್ ಚರ್ಚು ತನ್ನ ಕಾಲ ಮೇಲೆ ತಾನು ನಿಂತಿತು. ಬಿಷಪ್, ಡಿ.ಎಸ್. (ಜಿಲ್ಲಾ ಮೇಲ್ವಿಚಾರಕರು), ಕಾನ್ಫರೆನ್ಸ್ ಅನ್ನುವ ವರ್ಷದ ದೊಡ್ಡ ಸಭೆ, ಊರಿನ ಪಾಸ್ಟರೇಟ್ ಕಮಿಟಿ ಎಲ್ಲ ನಮ್ಮವರೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಸಣ್ಣದಾಗಿ ಸೇರಿದರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಕಲಬುರಗಿಯ ರಿಂಗ್ ರೋಡಿನ ಆಚೀಚೆ ಹೊಸ ಬಡಾವಣೆಗಳಲ್ಲಿ ಎಷ್ಟೊಂದು ಸ್ವತಂತ್ರ ಸಭೆಗಳು ಹುಟ್ಟಿವೆ. ಕೆಲವನ್ನು ಹತ್ತಿರದಿಂದ ನೋಡಿದ್ದೇನೆ. ಜನ ಅಲ್ಲಿಗೆ ಹೋಗಲು ಕಾರಣ ಇದೆ. ಅಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ಜ್ವರ ಬಂದರೆ ಮನೆಗೆ ಬರುತ್ತಾರೆ. ದೊಡ್ಡ ಚರ್ಚಿನಲ್ಲಿ ಸಿಗದ್ದು ಸಿಗುತ್ತದೆ. ಆದರೆ ಎಷ್ಟೋ ಕಡೆ ಟ್ರಸ್ಟು ಪಾಸ್ಟರ ಮನೆಯವರ ಹೆಸರಿನಲ್ಲಿರುತ್ತದೆ. ಕಾಣಿಕೆಯ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ. ಪ್ರಶ್ನೆ ಕೇಳಿದರೆ ಅಭಿಷಿಕ್ತನ ವಿರುದ್ಧ ಮಾತಾಡಬೇಡ ಅನ್ನುತ್ತಾರೆ. ನಮ್ಮಲ್ಲಿ ಕನಿಷ್ಠ ಕಮಿಟಿ ಇದೆ, ಪಾಸ್ಟರಿಗೆ ವರ್ಗಾವಣೆ ಇದೆ, ಮೇಲೆ ಕೇಳುವವರಿದ್ದಾರೆ. ಇದನ್ನು ಉಳಿಸಿಕೊಂಡೇ ಬದಲಾಗಬೇಕು ಅನ್ನೋದು ನನ್ನ ಹಟ.

ಮನೆ ಪ್ರಾರ್ಥನೆ ಅಂದ ಕೂಡಲೇ ಈಗ ಹೆದರಿಕೆಯೂ ಇದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದ ಮೇಲೆ ನಾಲ್ಕು ಜನ ಮನೆಯಲ್ಲಿ ಹಾಡಿದರೂ ಯಾರು ಏನನ್ನುತ್ತಾರೋ ಅನ್ನೋ ಅಳುಕು. ಬಾಗಿಲು ತೆರೆದಿಟ್ಟುಕೊಂಡು ಕೂರೋಣ. ಪಕ್ಕದ ಮನೆಯವರು ಬಂದರೆ ಚಹಾ ಕೊಡೋಣ. ನಮ್ಮವರೇ ನಮ್ಮವರನ್ನು ವಿಚಾರಿಸಿಕೊಳ್ಳುವುದರಲ್ಲಿ ಮುಚ್ಚಿಡುವಂಥದ್ದೇನಿದೆ?

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಸುಗ್ಗಿ ಹಬ್ಬ ಚೆಂದ. ಜೋಳದ ತೆನೆ, ತೊಗರಿ, ಕಡಲೆ, ಕುಂಬಳಕಾಯಿ, ಕೋಳಿ ಎಲ್ಲ ಕಟ್ಟೆಯ ಮುಂದೆ ತಂದಿಡುತ್ತಾರೆ. ಆಮೇಲೆ ಹರಾಜು. ವಿಧವೆಯೊಬ್ಬಳು ಹಿತ್ತಲಿಂದ ಕಿತ್ತು ತಂದ ಸೋರೆಕಾಯಿಯನ್ನು ಇಬ್ಬರು ದುಡ್ಡಿದ್ದವರು ಪೈಪೋಟಿಗೆ ಬಿದ್ದು ಸಾವಿರಾರು ರೂಪಾಯಿಗೆ ಕೂಗುತ್ತಾರೆ. ಚಪ್ಪಾಳೆ. ಗೆದ್ದವನಿಗೆ ಶಾಲು. ಮೈಕಿನಲ್ಲಿ ಅವನ ಹೆಸರು. ಸೋರೆಕಾಯಿ ತಂದವಳ ಹೆಸರು ಯಾರೂ ಹೇಳುವುದಿಲ್ಲ. ಚರ್ಚಿಗೆ ದುಡ್ಡು ಬರುತ್ತದೆ ನಿಜ. ಆದರೆ ಯೇಸು ದೇವಾಲಯದಲ್ಲಿ ಕೂತು ಮೆಚ್ಚಿಕೊಂಡಿದ್ದು ಯಾರನ್ನು? ಎರಡು ಕಾಸು ಹಾಕಿದ ವಿಧವೆಯನ್ನು. ಹಬ್ಬದ ಮಧ್ಯದಲ್ಲಿ ಆ ಕಥೆಯನ್ನು ತಲೆಕೆಳಗು ಮಾಡುತ್ತಿದ್ದೇವೆ, ಅದೂ ಚರ್ಚಿನೊಳಗೆ.

ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಣ್ಣುಮಕ್ಕಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಒಂದು ರೂಢಿ ನಡೆಸಿಕೊಂಡು ಬಂದಿದ್ದಾರೆ. ಅಡುಗೆಗೆ ಅಕ್ಕಿ ತೆಗೆಯುವಾಗ ಪ್ರತಿ ಸಲ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಾರೆ. ಅದನ್ನು ಒಟ್ಟು ಮಾಡಿ ಮಾರಿ ಸಭೆಯ ಕೆಲಸಕ್ಕೆ ಕೊಡುತ್ತಾರೆ. ಅದರಿಂದ ದೊಡ್ಡ ದೊಡ್ಡ ಕೆಲಸಗಳು ನಡೆದಿವೆ. ಯಾರದು ಎಷ್ಟು ಹಿಡಿ ಅಂತ ಮೈಕಿನಲ್ಲಿ ಕೂಗುವುದಿಲ್ಲ. ನಮ್ಮಲ್ಲಿ ಒಂದು ಹಿಡಿ ಜೋಳ ಇಡಬಹುದು. ಅದು ಮೊದಲು ಅದೇ ಓಣಿಯ ಹಸಿದ ಮನೆಗೆ ಹೋಗಲಿ, ಉಳಿದದ್ದು ಚರ್ಚಿಗೆ ಬರಲಿ. ಕಾಣಿಕೆಯನ್ನು ಎಣಿಸುವವರಲ್ಲಿ ಒಬ್ಬಳಾದರೂ ಹೆಣ್ಣುಮಗಳು ಇರಲಿ. ತಿಂಗಳ ಲೆಕ್ಕವನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಮಿಷನ್ ಕಾಂಪೌಂಡಿನ ಜಾಗ, ಅಂಗಡಿ ಬಾಡಿಗೆ, ಕೋರ್ಟು ಖರ್ಚು ಎಲ್ಲವೂ ಅದೇ ಹಾಳೆಯಲ್ಲಿ ಇರಲಿ. ನಮ್ಮ ಕಡೆ ಎಷ್ಟೋ ಜಗಳ ಹುಟ್ಟಿದ್ದು ಈ ಹಾಳೆ ಇಲ್ಲದ್ದರಿಂದ.

ಕ್ಯಾಥೊಲಿಕರ ಮಾತು ಬೇರೆ ಅಂತ ಕೆಲವರು ಅನ್ನಬಹುದು. 2005ರಲ್ಲಿ ಕಲಬುರಗಿಗೇ ಒಂದು ಧರ್ಮಪ್ರಾಂತ್ಯ ಬಂತು. ಆದರೆ ಅವರ ಕಾನೂನಿನ ಪ್ರಕಾರವೂ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. 2021ರಿಂದ 2024ರವರೆಗೆ ಪೋಪ್ ಫ್ರಾನ್ಸಿಸ್ ಜಗತ್ತಿನ ಎಲ್ಲ ಕಡೆ ಜನರ ಮಾತು ಕೇಳಿಸಿಕೊಳ್ಳುವ ಸಿನೊಡ್ ನಡೆಸಿದರು. 2023ರ ಸಭೆಯಲ್ಲಿ ಮೊದಲ ಸಲ ಹೆಂಗಸರಿಗೂ ಮತ ಹಾಕುವ ಹಕ್ಕು ಸಿಕ್ಕಿತು. ಅಷ್ಟು ಹಳೆಯ, ಅಷ್ಟು ದೊಡ್ಡ ಸಂಸ್ಥೆಯೇ ಕೇಳಿಸಿಕೊಳ್ಳಲು ಕೂತಿದೆ.

ಹೆಂಗಸರ ಬಗ್ಗೆ ನಮ್ಮಲ್ಲಿ ನಿಯಮ ಎಂದೋ ಬದಲಾಗಿದೆ. ಮೆಥೋಡಿಸ್ಟರು 1956ರಲ್ಲೇ ಹೆಂಗಸರಿಗೆ ಪಾಸ್ಟರಾಗುವ ಪೂರ್ತಿ ಹಕ್ಕು ಕೊಟ್ಟರು. ಸಿ.ಎಸ್.ಐ.ನಲ್ಲಿ 2013ರಲ್ಲಿ ನಂದ್ಯಾಲ ಪ್ರಾಂತ್ಯಕ್ಕೆ ಪುಷ್ಪ ಲಲಿತ ಬಿಷಪ್ ಆದರು. ಆದರೂ ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳ ಪಾಲಿಗೆ ಬರುವುದು ಉಪವಾಸ ಪ್ರಾರ್ಥನೆ, ರಂಗೋಲಿ, ಅಡುಗೆ. ರವಿವಾರದ ಕಟ್ಟೆ ಗಂಡಸರದು.

ಪಾಸ್ಟರ ಮೇಲೆ ಸಿಟ್ಟು ತೋರಿಸಲು ನಾನು ಇದನ್ನೆಲ್ಲ ಬರೆಯುತ್ತಿಲ್ಲ. ಅವರ ಬದುಕನ್ನೂ ಹತ್ತಿರದಿಂದ ನೋಡಿದ್ದೇನೆ. ಒಬ್ಬರಿಗೆ ನಾಲ್ಕೈದು ಹಳ್ಳಿ. ಬೈಕಿನ ಪೆಟ್ರೋಲಿಗೆ ಸಂಬಳ ಸಾಲದು. ಮಕ್ಕಳು ಒಂದು ಶಾಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಕಾನ್ಫರೆನ್ಸಿನಲ್ಲಿ ವರ್ಗಾವಣೆ ಅಂತ ಬೇರೆ ಊರಿನ ಹೆಸರು ಓದುತ್ತಾರೆ. ಸತ್ತರೆ ಅವರೇ, ಹುಟ್ಟಿದರೆ ಅವರೇ, ಗಂಡ ಹೆಂಡಿರ ಜಗಳಕ್ಕೂ ಅವರೇ. ಒಬ್ಬ ಮನುಷ್ಯ ಇಷ್ಟು ಹೊರಲು ಆಗುವುದಿಲ್ಲ. ಓಣಿಗೊಂದು ಕ್ಲಾಸು ಆದರೆ ಅವರ ಹೆಗಲೂ ಹಗುರಾಗುತ್ತದೆ.

ನಮ್ಮ ಊರಿನ ಕಮಿಟಿಯಲ್ಲಿ ಈ ಮಾತು ಇಟ್ಟಾಗ ಹಿರಿಯರೊಬ್ಬರು ಕೇಳಿದರು, "ಪಾಸ್ಟರ್ ಇಲ್ದಲ್ಲಿ ಯಾರರ ತಪ್ಪ್ ಬೋಧನಿ ಮಾಡಿದ್ರ ಹ್ಯಾಂಗ್ರಿ?" ನ್ಯಾಯವಾದ ಪ್ರಶ್ನೆ. ವೆಸ್ಲಿಯ ಕಾಲದಲ್ಲಿ ಕ್ಲಾಸಿನ ನಾಯಕರು ವಾರಕ್ಕೊಮ್ಮೆ ತಮ್ಮ ಬೋಧಕರನ್ನು ಕಂಡು ಎಲ್ಲ ಹೇಳಬೇಕಿತ್ತು. ನಾವೂ ಗುರುವಾರ ಸಂಜೆ ಪಾಸ್ಟರು ಓಣಿಯ ನಾಯಕರ ಜೊತೆ ಕೂರಬೇಕು, ಆ ವಾರದ ವಾಕ್ಯ ಓದಿ ಚರ್ಚಿಸಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು ಅಂತ ಹೇಳಿದೆವು. ತಿಂಗಳ ಕೊನೆಯ ರವಿವಾರ ಪ್ರಸಂಗದ ಅರ್ಧ ಹೊತ್ತು ಜನರಿಗೆ ಬಿಡಬೇಕು, ತೊಗರಿ ರಾಶಿಯ ತಿಂಗಳಲ್ಲಿ ಕರ್ತನ ಭೋಜನ ಸಂಜೆಗೆ ಇಡಬೇಕು ಅಂತಲೂ ಕೇಳಿದೆವು. ಎರಡು ಓಣಿಗಳಲ್ಲಿ ಕ್ಲಾಸು ಶುರು ಮಾಡಲು ಒಪ್ಪಿದ್ದಾರೆ. ಸಂಜೆ ಭೋಜನಕ್ಕೆ ಪಾಸ್ಟರು ತಾವಾಗೇ ಹೂಂ ಅಂದರು. ಲೆಕ್ಕದ ಹಾಳೆ ಮತ್ತು ಹರಾಜಿನ ಮಾತನ್ನು ಮುಂದಿನ ಸಭೆಗೆ ಹಾಕಿದ್ದಾರೆ. ಅಲ್ಲಿ ಮತ್ತೆ ಕೇಳುತ್ತೇನೆ.